ಹೊನ್ನಾವರಕ್ಕೂ ಕುಮಟೆಗೂ ನಡುವೆ

ಕೆಲವು ವರ್ಷಗಳ ಹಿಂದೆ ಮಿತ್ರರೊಬ್ಬರ ಜೀಪಿನಲ್ಲಿ ಭಟ್ಕಳದಿಂದ ಕಾರವಾರದವರೆಗೆ ಹೋಗಿ ಬಂದು ನಾನೊಂದು ಪ್ರವಾಸ ಲೇಖನವನ್ನು ಬರೆದಿದ್ದೆ. ಅದು ಅಚ್ಚಾಗಿ ಹದಿನೈದು ದಿನವಾಗಿರಬಹುದು, ಹಳದೀಪುರದ ಹಿರಿಯರೊಬ್ಬರಿಂದ ಒಂದು ಕಾರ್ಡು ಬಂತು. "ಹೊನ್ನಾವರ ಬಿಟ್ಟು ಅರ್ಧ ಗಂಟೆಯಲ್ಲಿ ಕುಮಟೆ ಸೇರಿದೆವು ಎಂದು ಬರೆದಿದ್ದೀರಿ. ತಮ್ಮ ಆ ಅರ್ಧ ಗಂಟೆಯೊಳಗೆ ನಾವು ಎಪ್ಪತ್ತು ವರ್ಷದಿಂದ ವಾಸವಾಗಿದ್ದೇವೆ." ಇಷ್ಟೇ ಒಕ್ಕಣೆ. ಕೆಳಗೆ ಸಹಿ, ಊರಿನ ಹೆಸರು.

ಕಾರ್ಡನ್ನು ಓದಿ ಮೊದಲು ನಕ್ಕೆ. ಅನಂತರ ಲೇಖನವನ್ನು ತೆಗೆದು ನೋಡಿದೆ. ಅವರು ಹೇಳಿದ್ದು ನಿಜ. ಭಟ್ಕಳಕ್ಕೊಂದು ಪ್ಯಾರಾ, ಮುರ್ಡೇಶ್ವರಕ್ಕೆ ಎರಡು, ಶರಾವತಿಯ ಸೇತುವೆಗೆ ಒಂದು ಉಪಮೆ; ಅಲ್ಲಿಂದ ಕುಮಟೆಯವರೆಗಿನ ಸುಮಾರು ಇಪ್ಪತ್ತು ಕಿಲೋಮೀಟರಿಗೆ ಒಂದೇ ವಾಕ್ಯ. ಆ ವಾಕ್ಯದ ಕರ್ತೃಪದವೂ ನಾವೇ. ಊರು ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಅಂದಿನಿಂದ ಪುರವಣಿಗಳಲ್ಲಿ ಬರುವ ಇಂಥ ಲೇಖನಗಳನ್ನು ಕತ್ತರಿಸಿ ಇಡುವ ಅಭ್ಯಾಸವಾಯಿತು. ಒಂದು ರಟ್ಟಿನ ಪೆಟ್ಟಿಗೆ ತುಂಬಿದೆ. ಎಲ್ಲವನ್ನೂ ಒಟ್ಟಿಗೆ ಓದಿದರೆ ಒಬ್ಬನೇ ಬರೆದಂತೆ ತೋರುತ್ತದೆ. ನಸುಕಿನಲ್ಲಿ ಬೆಂಗಳೂರು ಬಿಡುವುದು, ಘಟ್ಟವಿಳಿಯುವಾಗ ಮಂಜು, ಕಡಲು ಕಂಡೊಡನೆ ಮಾತು ಹೊರಡದೆ ಹೋಗುವುದು, ಹೊರಡದ ಆ ಮಾತಿಗೆ ಅರ್ಧ ಪುಟ, ಮಧ್ಯಾಹ್ನ ಮೀನಿನ ಊಟ, ಸಂಜೆ ಗೋಕರ್ಣದಲ್ಲಿ ಸೂರ್ಯಾಸ್ತ. ನಡುನಡುವೆ ವಾಹನದ ಗುಣಗಾನ. ಹೊಂಡ ದಿಣ್ಣೆಗಳು ಗೊತ್ತೇ ಆಗಲಿಲ್ಲ ಎಂಬ ಮಾತು ಬಹುತೇಕ ಎಲ್ಲದರಲ್ಲಿಯೂ ಇದೆ. ಹೊಂಡವೇ ಗೊತ್ತಾಗದಿದ್ದವನಿಗೆ ಊರು ಹೇಗೆ ಗೊತ್ತಾದೀತು ಎಂದು ವಾಚಕನು ಕೇಳಬಹುದು. ಭಾಷೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕೆಲವರ ಗದ್ಯ ನಯವಾಗಿಯೂ ಇದೆ. ತೊಂದರೆ ಇರುವುದು ಆ ನಯದಲ್ಲಿಯೇ. ವಾಹನ ಹೇಗೆ ಎಲ್ಲಿಯೂ ತಡೆಯದೆ ಓಡಿತೋ ವಾಕ್ಯವೂ ಹಾಗೆಯೇ ಓಡುತ್ತದೆ.

ವಾಹನದ ವಿಷಯವನ್ನು ಸ್ವಲ್ಪ ಹೇಳಲೇಬೇಕು. 1947ರಲ್ಲಿ ಮಹೀಂದ್ರ ಕಂಪನಿಯವರು ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿದರು. ಆಗ ಅದನ್ನು ಏರಿದವರು ವಿಹಾರಕ್ಕೆ ಹೊರಟವರಲ್ಲ. ರಸ್ತೆಯಿಲ್ಲದ ಕಡೆ ಕೆಲಸವಿದ್ದವರು, ಅರಣ್ಯ ಇಲಾಖೆಯವರು, ಸರ್ವೇಯವರು, ತೋಟದವರು. ಸಾಮಾನ್ಯ ಮೋಟಾರಿನಲ್ಲಿ ಎಂಜಿನ್ನಿನ ಬಲ ಎರಡು ಗಾಲಿಗಳಿಗಷ್ಟೇ ಹೋಗುತ್ತದೆ. ಇದರಲ್ಲಿ ಇನ್ನೊಂದು ಹಿಡಿಯನ್ನು ಎಳೆದರೆ ನಾಲ್ಕಕ್ಕೂ ಹೋಗುತ್ತದೆ. ಕೆಸರಿನಲ್ಲಿ, ಮರಳಿನಲ್ಲಿ ಇದರಿಂದ ಉಪಕಾರವುಂಟು. ಆದರೆ ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳಬೇಕು. ಸಡಿಲ ನೆಲದಲ್ಲಿ ಗಾಲಿ ತುಸು ಜಾರಿ ಲೆಕ್ಕ ಸರಿಹೋಗುತ್ತದೆ. ಒಣ ಡಾಂಬರಿನ ಮೇಲೆ ಜಾರಲು ಎಡೆಯಿಲ್ಲ; ಒಳಗಿನ ಯಂತ್ರ ಬಿಗಿದುಕೊಳ್ಳುತ್ತದೆ. ಆದ್ದರಿಂದ ಇಂಥ ಜೀಪುಗಳ ಕೈಪಿಡಿಯೇ ಒಣ ರಸ್ತೆಯಲ್ಲಿ ಆ ಹಿಡಿಯನ್ನು ಮುಟ್ಟಬೇಡಿ ಎಂದು ಎಚ್ಚರಿಸುತ್ತದೆ. ಯಾವಾಗಲೂ ನಾಲ್ಕು ಗಾಲಿಗಳಿಗೂ ಬಲ ಹಂಚುವ ದುಬಾರಿ ಮಾದರಿಗಳ ಮಾತು ಬೇರೆ.

ಅಂದರೆ ಭಟ್ಕಳದಿಂದ ಕಾರವಾರದ ಹೆದ್ದಾರಿಯಲ್ಲಿ ಈ ವಾಹನದ ವಿಶೇಷಕ್ಕೆ ಕೆಲಸವೇ ಇಲ್ಲ. ಮನೆಯೊಳಗೆ ಕೊಡೆ ಬಿಡಿಸಿ ನಡೆದಂತೆ. ಕೊಡೆಯನ್ನು ಕೊಂಡವನಿಗೆ ಮಳೆ ಬೇಕಲ್ಲವೆ? ಹಾಗೆ ಮಳೆಯನ್ನು ಹುಡುಕುತ್ತ ಕೆಲವರು ಮರಳಿಗೆ ಇಳಿಯುತ್ತಾರೆ. ನನ್ನ ಪೆಟ್ಟಿಗೆಯ ಲೇಖನಗಳಲ್ಲಿ ಕಡಲಂಚಿನ ಮರಳಿನಲ್ಲಿ ಗಾಡಿ ಓಡಿಸಿದ ಪ್ರಸಂಗವೇ ಹೆಚ್ಚಾಗಿ ಕಥೆಯ ಶಿಖರ. ಶರಾವತಿಯ ಅಳಿವೆಯ ದಕ್ಷಿಣಕ್ಕಿರುವ ಕಾಸರಕೋಡನ್ನು ತೆಗೆದುಕೊಳ್ಳಿ. ಅಲ್ಲಿಯ ಕಡಲತೀರದ ಒಂದು ಭಾಗಕ್ಕೆ 2020ರಲ್ಲಿ ಸ್ವಚ್ಛತೆಗಾಗಿ ನೀಲಿ ಬಾವುಟದ ಮನ್ನಣೆ ದೊರೆಯಿತು. ಅದೇ ಊರಿನ ಟೊಂಕದಲ್ಲಿ ಹೆಂಗಸರು ಮರಳಿನ ಮೇಲೆ ಮೀನು ಹರವಿ ಒಣಗಿಸುತ್ತಾರೆ. ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲಿ ಎಂಬ ಕಡಲಾಮೆ ಬಂದು ಮರಳು ತೋಡಿ ಮೊಟ್ಟೆಯಿಟ್ಟು ಹೋಗುತ್ತದೆ. ಒಂದು ಗೂಡಿನಲ್ಲಿ ನೂರರ ಆಸುಪಾಸು. ಮರಿಗಳು ಹೊರಬರಲು ಒಂದೂವರೆ ಎರಡು ತಿಂಗಳು ಬೇಕು. ಗಾಲಿಯ ಅಚ್ಚು ನಮಗೆ ಬೆರಳುದ್ದದ ಗುಂಡಿ, ಹೊರಟ ಮರಿಗೆ ಹಳ್ಳ. ಮೀನು ಒಣಗಿಸುವ ಹೆಂಗಸಿಗೆ ಅದೇ ಮರಳು ಅಂಗಳ. ಲೇಖನಗಳಲ್ಲಿ ಆ ಮರಳಿಗೆ ಇರುವ ಹೆಸರು "ನಿರ್ಜನ ತೀರ". ವಿಮರ್ಶಕನಾದವನು ಒಂದು ವಿಶೇಷಣವನ್ನು ತಪ್ಪೆಂದು ತೋರಿಸಬಹುದಾದರೆ ಮೊದಲು ಇದನ್ನೇ ತೋರಿಸಬೇಕು.

"ಕಡಲಂಚಿನ ರಮ್ಯ ಮಾರ್ಗ" ಎಂಬ ಮಾತೂ ಅಷ್ಟೆ. ಪನ್ವೇಲದಿಂದ ಕನ್ಯಾಕುಮಾರಿಯವರೆಗೆ ಹೋಗುವ ಈ ಹೆದ್ದಾರಿಗೆ ಇಲ್ಲಿ ಮೊದಲು 17 ಎಂಬ ಅಂಕೆಯಿತ್ತು, 2010ರಲ್ಲಿ ಮಾಡಿದ ಮರುಎಣಿಕೆಯಲ್ಲಿ 66 ಆಯಿತು. ಕುಂದಾಪುರದ ಉತ್ತರಕ್ಕೆ ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕೆ. ಅಲ್ಲಿ ತೆಗೆದ ಚಿತ್ರವೇ ಇಡೀ ರಸ್ತೆಯ ಚಿತ್ರವಾಗಿ ನಮ್ಮ ಮನಸ್ಸಿನಲ್ಲಿ ನಿಂತಿದೆ. ಹೊನ್ನಾವರದಿಂದ ಕರ್ಕಿ, ಹಳದೀಪುರಗಳನ್ನು ಹಾದು ಧಾರೇಶ್ವರದ ಕಡೆ ಹೋಗುವಾಗ ಕಾಣುವುದು ಗದ್ದೆ, ತೆಂಗು, ಬಡಗಣಿ ಹೊಳೆ, ಕೆಂಪು ಮುರಕಲ್ಲಿನ ಪಾಗಾರ, ಪೂರ್ವಕ್ಕೆ ಗುಡ್ಡ. ಕಡಲು ಇದೆ, ಗಾಳಿಯಲ್ಲಿ ಇದೆ, ಊಟದಲ್ಲಿ ಇದೆ, ಹೆದ್ದಾರಿಯ ಕಿಟಕಿಯಲ್ಲಿ ಇಲ್ಲ. ನಾನು ಆ ಇಪ್ಪತ್ತು ಕಿಲೋಮೀಟರನ್ನು ಬಿಟ್ಟುಬಿಟ್ಟದ್ದು ಇದರಿಂದಲೇ ಎಂದು ಈಗ ತಿಳಿಯುತ್ತದೆ. ನೋಟಕ್ಕಾಗಿ ಹೋದವನಿಗೆ ನೋಟವಿಲ್ಲದ ಕಡೆ ಊರೂ ಇರಲಿಲ್ಲ.

ಈ ದಕ್ಷಿಣೋತ್ತರ ರಸ್ತೆಯೇ ಕರಾವಳಿಯ ಸ್ವಭಾವಕ್ಕೆ ಸ್ವಲ್ಪ ವಿರುದ್ಧವಾದದ್ದು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕೂ ಘಟ್ಟದಿಂದ ಇಳಿದು ಪಶ್ಚಿಮಕ್ಕೆ ಹೋಗುತ್ತವೆ. ಹಿಂದಿನ ಸರಕೂ ಹಾಗೆಯೇ ಇಳಿಯುತ್ತಿತ್ತು. ಧಾರವಾಡದ ಕಡೆಯ ಹತ್ತಿ ಘಟ್ಟವಿಳಿದು ಕುಮಟೆಯ ಬಂದರಿಗೆ ಬಂದು ಹಡಗು ಏರಿದ್ದರಿಂದ ಹೊರಗಿನ ಪೇಟೆಗಳಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರಾಯಿತು. ಕುಮಟೆಯಲ್ಲಿ ಅದು ಬೆಳೆದದ್ದಲ್ಲ. ಉತ್ತರ ದಕ್ಷಿಣವಾಗಿ ಹೋಗುವವನಿಗೆ ಕಡಲೇ ದಾರಿ. ಮಚವೆಗಳು ಹೋಗುತ್ತಿದ್ದವು, ಮುಂಬಯಿಯ ಆಗಬೋಟು ಬರುತ್ತಿತ್ತು. ನೆಲದ ಮೇಲೆ ಹೊರಟವನು ಒಂದೊಂದು ಹೊಳೆಯಲ್ಲಿಯೂ ಇಳಿದು ದೋಣಿಗೆ ಕಾಯಬೇಕು.

ಕಾಯುವಿಕೆಯಿಂದ ಸಾಹಿತ್ಯಕ್ಕೆ ಏನು ಲಾಭವೆಂಬುದಕ್ಕೆ ಈ ಪ್ರದೇಶದಲ್ಲಿಯೇ ಒಂದು ಒಳ್ಳೆಯ ನಿದರ್ಶನವಿದೆ. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ, ಇಕ್ಕೇರಿಯ ವೆಂಕಟಪ್ಪನಾಯಕನಲ್ಲಿಗೆ ಹೊರಟ ಪೋರ್ಚುಗೀಸ್ ನಿಯೋಗದೊಂದಿಗೆ ಹೊನ್ನಾವರಕ್ಕೆ ಬಂದ. ಅಲ್ಲಿಂದ ಶರಾವತಿಯಲ್ಲಿ ದೋಣಿಯ ಮೇಲೆ ಗೇರುಸೊಪ್ಪೆಗೆ ಹೋಗಿ ಘಟ್ಟ ಹತ್ತಿದ. ದಾರಿಯಲ್ಲೊಂದು ಕಡೆ ಹೊರೆಗಳನ್ನು ಸರಿಪಡಿಸುವುದು ತಡವಾಯಿತು. ಬೇರೆ ಕೆಲಸವಿಲ್ಲದೆ ಅವನು ದೇವಸ್ಥಾನದ ಜಗಲಿಯಲ್ಲಿ ಕುಳಿತ. ಅಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ನುಣ್ಣನೆಯ ಮರಳು ಹರಡಿ, ಪಾಠವನ್ನು ರಾಗವಾಗಿ ಹೇಳುತ್ತ ಬೆರಳಿನಿಂದ ಅಂಕೆ ಬರೆಯುತ್ತಿದ್ದರು; ಮರಳು ತುಂಬಿದರೆ ಅಳಿಸಿ ಮತ್ತೆ ಹರಡುತ್ತಿದ್ದರು. ಮೇಷ್ಟರು ಇರಲಿಲ್ಲ. ತಪ್ಪಿದರೆ ತಿದ್ದುವವರು ಯಾರು ಎಂದು ಇವನು ಕೇಳಿದ. ನಾಲ್ವರೂ ಒಂದೇ ಕಡೆ ತಪ್ಪುವುದು ಸಾಧ್ಯವಿಲ್ಲ, ಆದ್ದರಿಂದಲೇ ಒಟ್ಟಿಗೆ ಓದುತ್ತೇವೆ ಎಂಬರ್ಥದ ಉತ್ತರ ಬಂತು. ಹದಿನೇಳನೆಯ ಶತಮಾನದ ನಮ್ಮ ಸೀಮೆಯ ಮಕ್ಕಳು ಹೇಗೆ ಕಲಿಯುತ್ತಿದ್ದರು ಎಂಬುದಕ್ಕೆ ಇಂದಿಗೂ ವಿದ್ವಾಂಸರು ಎತ್ತಿ ತೋರಿಸುವ ಪುಟ ಇದು. ಹೊರೆ ಬೇಗ ಕಟ್ಟಿ ಮುಗಿದಿದ್ದರೆ ಆ ಪುಟವೇ ಇರುತ್ತಿರಲಿಲ್ಲ. ಘಟ್ಟದ ಹಸಿರಿನ ವರ್ಣನೆ ಹೇಗೂ ಇರುತ್ತಿತ್ತು. ಅದನ್ನು ಯಾರೂ ನೆನಪಿಡುತ್ತಿರಲಿಲ್ಲ.

ಅವನಿಗೂ ಮೊದಲು, 14ನೆಯ ಶತಮಾನದಲ್ಲಿ, ಇಬ್ನ್ ಬತೂತ ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳನ್ನು ಕಂಡೆನೆಂದು ಬರೆದ. ಎಣಿಸುವುದಕ್ಕೆ ಬೀದಿ ಬೀದಿ ನಡೆದಿರಬೇಕು.

ಇನ್ನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಹೊಸ ಸೀಮೆಯ ಸ್ಥಿತಿಗತಿಗಳನ್ನು ತಿಳಿದುಬರಲು ವೆಲ್ಲೆಸ್ಲಿ ಕಳುಹಿಸಿದ ವೈದ್ಯ. 1801ರಲ್ಲಿ ಭಟ್ಕಳದಿಂದ ಹೊನ್ನಾವರದ ಮೇಲೆ ಗೋಕರ್ಣದ ಕಡೆ ಹೋದ. ಗ್ರಂಥವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಹೊರಬಂತು. ಅವನನ್ನು ಪ್ರೀತಿಯಿಂದ ಓದುವುದು ಕಷ್ಟ. ಗದ್ಯ ಒಣಗಿದ್ದು, ಅವನ ಕಣ್ಣು ಯಾವಾಗಲೂ ಕಂಪನಿಯ ಖಜಾನೆಯ ಮೇಲೆ. ಗದ್ದೆಗೆ ಎಷ್ಟು ಬೀಜ, ಒಡೆಯನಿಗೆ ಎಷ್ಟು, ಗೇಣಿದಾರನಿಗೆ ಎಷ್ಟು, ತೆಂಗಿನಿಂದ ಏನು ಹುಟ್ಟುತ್ತದೆ, ಇದೇ ಪಾಠ. ಆದರೆ ನನ್ನ ಅರ್ಧ ಗಂಟೆಯೊಳಗೆ ಬಿದ್ದುಹೋದ ಊರು ಅವನ ಪುಸ್ತಕದಲ್ಲಿದೆ. ಹಳದೀಪುರವೆಂದರೆ ಅರಿಶಿನದ ಊರು, ಮೊದಲಿನ ಹೆಸರು ಹಂದಿಪುರ, ಆ ಹೆಸರು ಹಿಡಿಸದೆ ಹೈದರನು ಬದಲಾಯಿಸಿದ ಎಂದು ಅವನು ಬರೆಯುತ್ತಾನೆ. ಕಥೆಯನ್ನು ಹಾಗೆಯೇ ನಂಬಬೇಕೆಂದಿಲ್ಲ. ಊರ ಹೆಸರುಗಳಿಗೆ ಇಂಥ ಕಥೆಗಳು ಎಲ್ಲೆಡೆ ಹುಟ್ಟುತ್ತವೆ. ಆದರೆ ಒಂದು ಅಂಶ ನನಗೆ ಸ್ವಾರಸ್ಯವಾಗಿ ಕಂಡಿತು. ಕನ್ನಡಿಗನಿಗೆ ಹಳದಿ ಎಂದರೆ ಬಣ್ಣ, ಬೇರಿಗೆ ಅವನು ಅರಿಶಿನ ಎನ್ನುತ್ತಾನೆ. ಬೇರನ್ನೇ ಹಳದಿ ಎನ್ನುವವನು ಕೊಂಕಣಿ ಮಾತಿನವನು. ಆ ಊರಿನ ಹೆಸರಿನಲ್ಲಿ ಎರಡು ಭಾಷೆಗಳು ಒಂದೇ ಜಗಲಿಯಲ್ಲಿ ಕುಳಿತಿವೆ. ಸಾರಸ್ವತರಲ್ಲಿ ಹಳದೀಪುರ ಎಂಬ ಅಡ್ಡಹೆಸರೇ ಉಂಟು. ಮುಂಬಯಿಯಲ್ಲಿ ಹುಟ್ಟಿ ಊರನ್ನು ನೋಡದವರೂ ಅದನ್ನು ಸಹಿಯಲ್ಲಿ ಹೊತ್ತಿದ್ದಾರೆ. ಖಜಾನೆಯ ಗುಮಾಸ್ತನಂಥ ಬುಕಾನನ್ ಇಳಿದು ಕೇಳಿದ್ದರಿಂದ ಇಷ್ಟಾದರೂ ನಮಗೆ ದಕ್ಕಿತು. ಸೌಂದರ್ಯೋಪಾಸಕನಾದ ನನ್ನಿಂದ ದಕ್ಕಿದ್ದು ಸೊನ್ನೆ.

ಹೊರಗಿನವರ ಮಾತು ಸಾಕು. ಹೊನ್ನಾವರದಿಂದ ಹೊರಟರೆ ಹಳದೀಪುರಕ್ಕೆ ಮೊದಲು ಸಿಗುವ ಊರು ಕರ್ಕಿ. ಜೀಪಿನ ಲೆಕ್ಕದಲ್ಲಿ ಎರಡು ನಿಮಿಷ. ಈ ಊರಿನ ವೆಂಕಟರಮಣ ಶಾಸ್ತ್ರಿ ಸೂರಿಗಳು 1887ರಲ್ಲಿ "ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ"ವನ್ನು ಪ್ರಕಟಿಸಿದರು. ಹಣ ಕೊಟ್ಟು ಹೆಣ್ಣು ತರುವ ಪದ್ಧತಿಯನ್ನು ಹಿಡಿದು, ಹವ್ಯಕರ ಮನೆಮಾತನ್ನೇ ಪಾತ್ರಗಳ ಬಾಯಲ್ಲಿಟ್ಟು ಬರೆದ ನಾಟಕ. ಹೊಸಗನ್ನಡದ ಮೊದಲ ಸಾಮಾಜಿಕ ನಾಟಕವೆಂದು ಇದನ್ನು ಗಣಿಸುತ್ತಾರೆ. ಇದೇ ಕರ್ಕಿಯ ಯಕ್ಷಗಾನದ ಮೇಳ ಸಾಂಗಲಿಗೆ ಹೋಗಿ ಆಡಿದ್ದನ್ನು ಕಂಡು ವಿಷ್ಣುದಾಸ ಭಾವೆಯವರು ಮರಾಠಿ ನಾಟಕಕ್ಕೆ ಕೈಹಾಕಿದರೆಂಬುದು ಮರಾಠಿಯವರೂ ಹೇಳುವ ಮಾತು. ಎರಡು ಭಾಷೆಗಳ ರಂಗಭೂಮಿಯ ಮೊದಲ ಪುಟದಲ್ಲಿ ಬರುವ ಊರಿಗೆ ಪ್ರವಾಸ ಲೇಖನದಲ್ಲಿ ಎಡೆಯಿಲ್ಲ, ಏಕೆಂದರೆ ಅಲ್ಲಿ ಚಿತ್ರ ತೆಗೆಯುವಂಥದ್ದು ಏನೂ ಇಲ್ಲ.

ಹಾಗಾದರೆ ಕರಾವಳಿಯನ್ನು ಬರೆಯಬೇಕಾದವನು ಅಲ್ಲಿಯೇ ಹುಟ್ಟಿರಬೇಕೆ? ಯಶವಂತ ಚಿತ್ತಾಲರನ್ನು ನೆನೆದರೆ ಹಾಗೆನ್ನಿಸುತ್ತದೆ. ಗೋಕರ್ಣದ ಬಳಿಯ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಅವರು ಮುಂಬಯಿಯ ಕಾರ್ಖಾನೆಯ ಪ್ರಪಂಚದಲ್ಲಿ ಬದುಕು ಕಳೆದು, ಕಥೆಗಳಲ್ಲಿ ಮತ್ತೆ ಮತ್ತೆ ಹನೇಹಳ್ಳಿಗೇ ಮರಳಿದರು. ಅವರ ಕಥೆಯಲ್ಲಿ ಕಡಲು ಅಲಂಕಾರವಾಗಿ ಬರುವುದಿಲ್ಲ. ಕಾರಂತರ "ಮರಳಿ ಮಣ್ಣಿಗೆ"ಯಲ್ಲಿಯೂ ಅದು ನೆರೆಮನೆಯವನಂತೆ, ಕೆಲವೊಮ್ಮೆ ಜಗಳಗಂಟಿ ನೆರೆಯವನಂತೆ ಇದೆ. ಆದರೆ ಹುಟ್ಟಿನ ಮಾತು ಪೂರ್ಣವಾಗಿ ಸರಿಯಲ್ಲ. 1883ರಲ್ಲಿ ಕಾರವಾರದಲ್ಲಿ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ತಂಗಿದ್ದ ರವೀಂದ್ರರು ಹೊರಗಿನವರೇ. ಬೆಳದಿಂಗಳಿನಲ್ಲಿ ಕಾಳಿ ಹೊಳೆಯ ಮೇಲೆ ದೋಣಿಯಲ್ಲಿ ಹೋಗಿಬಂದದ್ದನ್ನು ಅವರು ಆತ್ಮಕಥೆಯಲ್ಲಿ ಮರೆಯಲಿಲ್ಲ, ಅಲ್ಲಿಯೇ ಒಂದು ನಾಟಕವನ್ನೂ ಬರೆದರು. ಬಿ.ಜಿ.ಎಲ್. ಸ್ವಾಮಿಯವರ "ಹಸುರು ಹೊನ್ನು" ಇನ್ನೊಂದು ಉತ್ತರ. ಶಿಷ್ಯರನ್ನು ಕಟ್ಟಿಕೊಂಡು ಗಿಡ ಹುಡುಕಲು ಹೊರಟ ಪ್ರಾಧ್ಯಾಪಕರ ಕಥನ ಅದು. ಗಿಡ ಕಂಡರೆ ಇಳಿಯಲೇಬೇಕು, ಇಳಿದರೆ ಯಾರಾದರೂ ಬಂದು ಏನು ಹುಡುಕುತ್ತೀರಿ ಎಂದು ಕೇಳಿಯೇ ಕೇಳುತ್ತಾರೆ. ಪುಸ್ತಕ ಅಲ್ಲಿಂದ ಬೆಳೆಯುತ್ತದೆ. ಸ್ವಾಮಿಯವರಿಗೆ ಇಳಿಯಲು ಕಾರಣವಿತ್ತು. ನಮ್ಮ ಜೀಪಿನ ಲೇಖಕರಿಗೆ ಅಂಥ ಕಾರಣವೊಂದೂ ಇಲ್ಲ. ಹೊಟ್ಟೆ ಹಸಿದರೆ, ಚಿತ್ರ ಬೇಕಾದರೆ ಇಳಿಯುತ್ತಾರೆ.

ಇಲ್ಲೊಂದು ತಪ್ಪು ತಿಳಿವಳಿಕೆಗೆ ಎಡೆಗೊಡಬಾರದು. ದೋಣಿ ಒಳ್ಳೆಯದು, ಜೀಪು ಕೆಟ್ಟದ್ದು ಎಂದು ನಾನು ವಾದಿಸುತ್ತಿಲ್ಲ. ಮಳೆಗಾಲದ ರಾತ್ರಿ ಹೆರಿಗೆಯ ಹೆಂಗಸನ್ನು ಹೊಳೆಯ ಈಚೆ ದಡದಲ್ಲಿ ಕೂರಿಸಿ ದೋಣಿಯವನನ್ನು ಕೂಗುವ ಕಷ್ಟವನ್ನು ಅನುಭವಿಸಿದವರು ಸೇತುವೆಗೆ ಕೈ ಮುಗಿಯುತ್ತಾರೆ. ಬಸ್ಸಿನಲ್ಲಿ ಹೋದವನೂ ನಿದ್ದೆ ಹೋಗಬಹುದು. 1998ರಿಂದ ಕೊಂಕಣ ರೈಲಿನಲ್ಲಿ ಹೋಗುವವರೂ ಕಿಟಕಿಯಲ್ಲಿ ಅದೇ ತೆಂಗನ್ನು ನೋಡುತ್ತಾರೆ. ನನ್ನ ಆಕ್ಷೇಪಣೆ ಬರೆಹದ ಮೇಲೆ. ರಸ್ತೆಯಲ್ಲಿ ಹೋಗಿ, ರಸ್ತೆಯನ್ನು ಹೊಗಳಿ, ರಸ್ತೆ ಹೇಗೆ ಆಯಿತೆಂದು ಕೇಳದ ಬರೆಹ ಅದು.

ಇದಕ್ಕೆ ನನ್ನ ಲೇಖನದಿಂದಲೇ ಉದಾಹರಣೆ ಕೊಡುತ್ತೇನೆ. ಕುಮಟೆಯಿಂದ ಉತ್ತರಕ್ಕೆ, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ (ಬೈಂದೂರಿನ ಶಿರೂರಲ್ಲ) ಹೆದ್ದಾರಿಯ ಒಂದು ಮಗ್ಗುಲಿಗೆ ಗುಡ್ಡ, ಇನ್ನೊಂದು ಮಗ್ಗುಲಿಗೆ ಗಂಗಾವಳಿ. ರಸ್ತೆಯನ್ನು ನಾಲ್ಕು ಸಾಲು ಮಾಡಲು ಗುಡ್ಡವನ್ನು ಕಡಿದಿದ್ದರು. ಆ ಕಡಿದ ಮೈಯನ್ನು ಕಂಡು ನಾನು "ಕುಂಕುಮ ಬಳಿದ ಗೋಡೆ" ಎಂದು ಬರೆದಿದ್ದೆ. ಮಿತ್ರರಿಗೆ ಆ ಉಪಮೆ ಬಹಳ ಹಿಡಿಸಿತ್ತು. ಅಷ್ಟು ನೆಟ್ಟಗೆ ಕಡಿದ ಮಣ್ಣು ಮಳೆಯಲ್ಲಿ ನಿಲ್ಲುತ್ತದೆಯೇ ಎಂಬ ಪ್ರಶ್ನೆ ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. 2024ರ ಜುಲೈ 16ರ ಬೆಳಿಗ್ಗೆ, ಬಿರುಮಳೆಯಲ್ಲಿ, ಆ ಗುಡ್ಡ ಜಾರಿ ಹೆದ್ದಾರಿಯ ಮೇಲೆ ಬಿದ್ದು ಹೊಳೆಯೊಳಕ್ಕೆ ಹೋಯಿತು. ರಸ್ತೆಬದಿಯಲ್ಲಿ ಚಹಾದಂಗಡಿ ಇಟ್ಟುಕೊಂಡಿದ್ದ ಸಂಸಾರ ಹೋಯಿತು, ಅಲ್ಲಿ ನಿಂತಿದ್ದ ವಾಹನಗಳು ಹೋದವು, ಆಚೆ ದಡದ ಉಳುವರೆಯ ಮನೆಗಳಿಗೂ ನೀರು ನುಗ್ಗಿ ಸಾವಾಯಿತು. ಕೇರಳದ ಲಾರಿ ಚಾಲಕನೊಬ್ಬನ ದೇಹ ಅವನ ಲಾರಿಯೊಳಗೇ, ಹೊಳೆಯ ತಳದಲ್ಲಿ, ಸೆಪ್ಟೆಂಬರ್ 25ರಂದು ಸಿಕ್ಕಿತು.

ಆ ವಾರ ಪತ್ರಿಕೆಯ ಮುಖಪುಟದಲ್ಲಿ ಗುಡ್ಡದ ಚಿತ್ರವನ್ನು ನೋಡಿದಾಗ ನನ್ನ ಕುಂಕುಮ ನೆನಪಾಯಿತು. ನಾನು ಕೇಳಿದ್ದರೆ ಗುಡ್ಡ ನಿಲ್ಲುತ್ತಿತ್ತೆಂಬ ಭ್ರಮೆ ನನಗಿಲ್ಲ. ಆದರೆ ಒಂದು ಉಪಮೆ ಸುಳ್ಳಾಗುವುದೆಂದರೆ ಏನೆಂದು ಅಲಂಕಾರಶಾಸ್ತ್ರದ ಪುಸ್ತಕಗಳಲ್ಲಿ ಓದಿದ್ದಕ್ಕಿಂತ ಚೆನ್ನಾಗಿ ಅಂದು ತಿಳಿಯಿತು. ಪೆಟ್ಟಿಗೆಯಲ್ಲಿದ್ದ ಉಳಿದ ಲೇಖನಗಳನ್ನೂ ತೆಗೆದು ನೋಡಿದೆ. ಅದೇ ತಿರುವು ಮೂರರಲ್ಲಿ ಇತ್ತು. ಒಬ್ಬರಿಗೆ ಅದು ಹಸಿರು ತೋರಣ, ಇನ್ನೊಬ್ಬರಿಗೆ ಹೊಳೆಯೊಡನೆ ಸರಸವಾಡುವ ದಾರಿ. ಮೂರನೆಯವರು, ಬಹುಶಃ ಎಲ್ಲರಿಗಿಂತ ಪ್ರಾಮಾಣಿಕರು, ಅಲ್ಲಿ ಚಹಾ ಕುಡಿದೆವು, ಚಹಾ ಚೆನ್ನಾಗಿತ್ತು ಎಂದಷ್ಟೇ ಬರೆದಿದ್ದರು. ಈಗ ಓದುವಾಗ ಮನಸ್ಸಿನಲ್ಲಿ ಉಳಿಯುವ ವಾಕ್ಯ ಅದೊಂದೇ.

ಹಳದೀಪುರದ ಹಿರಿಯರಿಗೆ ನಾನು ತಡವಾಗಿಯಾದರೂ ಉತ್ತರ ಬರೆದೆ. ತಪ್ಪನ್ನು ಒಪ್ಪಿಕೊಂಡು, ಮುಂದಿನ ಸಲ ಖಂಡಿತ ಇಳಿಯುತ್ತೇನೆ, ನೋಡುವಂಥದ್ದು ಏನೇನಿದೆ ತಿಳಿಸಿ ಎಂದು ಕೇಳಿದ್ದೆ. ಮರುಟಪಾಲಿಗೆ ಇನ್ನೊಂದು ಕಾರ್ಡು ಬಂತು. "ನೋಡುವಂಥದ್ದು ವಿಶೇಷವೇನೂ ಇಲ್ಲ. ಬರುವುದಾದರೆ ಶ್ರಾವಣದಲ್ಲಿ ಬನ್ನಿ, ಗದ್ದೆ ನೆಟ್ಟಿಯಾಗಿರುತ್ತದೆ. ಊಟಕ್ಕೆ ನಮ್ಮಲ್ಲಿಗೇ ಬರಬೇಕು. ಜೀಪು ತರಬೇಡಿ, ನಮ್ಮ ಓಣಿಗೆ ಹೊಗುವುದಿಲ್ಲ. ಹೊನ್ನಾವರದಲ್ಲಿ ಕುಮಟೆಯ ಲೋಕಲ್ ಬಸ್ಸು ಹತ್ತಿ. ಎಕ್ಸ್‌ಪ್ರೆಸ್ಸಿನವರು ನಮ್ಮಲ್ಲಿ ನಿಲ್ಲಿಸುವುದಿಲ್ಲ."